ಗುಂಡಯ್ಯನ ಹನ್ನೊಂದು ಹೆಜ್ಜೆ

ಕುಣಿಗಲ್ಲಿನ ಪಾಲಿಶ್ ಗುಂಡಯ್ಯನಿಗೆ ಗೊತ್ತಿದ್ದ ಬಣ್ಣ ಒಂದೇ, ಕಪ್ಪು. ಅಂಗಡಿಯವರು ಅದಕ್ಕೆ ವಾಲ್‌ನಟ್, ರೋಸ್‌ವುಡ್, ಮಹಾಗನಿ ಎಂದು ನಾಲ್ಕಾರು ಹೆಸರಿಟ್ಟು ಬೇರೆ ಬೇರೆ ಡಬ್ಬಿಯಲ್ಲಿ ಮಾರುತ್ತಿದ್ದರು, ಅಷ್ಟೇ. ಬಾಗಿಲಲ್ಲಿ ಗಂಟಿದ್ದರೆ ಕಪ್ಪು. ಬಿರುಕಿದ್ದರೆ ಮೇಣ ತುಂಬಿ ಕಪ್ಪು. ಬಡಗಿ ಎರಡು ಜಾತಿಯ ಮರ ಸೇರಿಸಿ ಮಾಲೀಕನಿಗೆ ಟೋಪಿ ಹಾಕಿದ್ದರೆ ಇನ್ನೂ ಎರಡು ಕೈ ಜಾಸ್ತಿ ಕಪ್ಪು. ಹುಲಿಯೂರುದುರ್ಗದಿಂದ ಈಚೆಗೆ ಅವನು ಮೂವತ್ತೆರಡು ವರ್ಷದಲ್ಲಿ ಮುಚ್ಚಿಹಾಕಿದ ಕಲೆಗಳನ್ನೆಲ್ಲ ಒಟ್ಟುಗೂಡಿಸಿದ್ದರೆ ಕುಣಿಗಲ್ ಕೆರೆ ತುಂಬುತ್ತಿತ್ತು. ಗೃಹಪ್ರವೇಶದ ದಿನ ಬಂದವರು ಬಾಗಿಲು ಸವರಿ, ಏನು ಹೊಳಪಪ್ಪಾ ಎನ್ನುವರು. ಗುಂಡಯ್ಯ ವಿನಯದಿಂದ ನೆಲ ನೋಡುವನು.

ಮುಚ್ಚುವ ವಿದ್ಯೆಯನ್ನು ಅವನು ಮರಕ್ಕೆ ಮಾತ್ರ ಬಳಸುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ತಲೆಗೆ ಡೈ ಹಚ್ಚುತ್ತಿದ್ದ. ಒಂದು ಸಲ ಮದುವೆಗೆ ಹೊರಟಾಗ ಪ್ಯಾಕೆಟ್ ಖಾಲಿಯಾಗಿ, ಮನೆಯಲ್ಲಿದ್ದ ವಾಲ್‌ನಟ್ ಡಬ್ಬಿಗೇ ಕೈ ಹಾಕಿದ್ದ. ಆ ಮದುವೆಯಲ್ಲಿ ಅವನ ಪಕ್ಕ ಊಟಕ್ಕೆ ಕೂತವರು ಪಾಯಸದಲ್ಲಿ ಥಿನ್ನರ್ ವಾಸನೆ ಎಂದು ಅಡುಗೆಯವರ ಮೇಲೆ ಜಗಳಕ್ಕೆ ಹೋದರು. ಗುಂಡಯ್ಯನೂ ಹೌದು ಹೌದು ಎಂದು ಅವರ ಜೊತೆ ದನಿ ಸೇರಿಸಿದ.

ಇನ್ನೊಂದು ಗುಟ್ಟು ಕಾಲಿನದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಹುತ್ರಿದುರ್ಗದಲ್ಲಿ ಹಳೇ ಮನೆಯ ತೊಲೆ ಇಳಿಸುವಾಗ ಎಡಗಾಲಿನ ಕಿರುಬೆರಳು ಹೋಗಿತ್ತು. ಅವತ್ತಿನಿಂದ ಕ್ಯಾನ್ವಾಸ್ ಶೂ, ಸಾಕ್ಸ್, ಬೇಸಿಗೆಯಲ್ಲೂ. ಹೆಂಡತಿ ವನಜಮ್ಮನಿಗೇ ಮದುವೆಯಾಗಿ ಎಂಟನೇ ದಿನ ಗೊತ್ತಾಗಿದ್ದು. ಇನ್ನು ಒಂಬತ್ತು ಉಳಿದಿದೆಯಲ್ಲ ಎಂದು ಅವಳು ನಕ್ಕು ಸುಮ್ಮನಾದಳು. ಅವಳು ಸುಮ್ಮನಾದರೂ ಅವನ ಸಂಕೋಚ ಹೋಗಲಿಲ್ಲ.

ಇಂಥ ಗುಂಡಯ್ಯನಿಗೆ ಗುಬ್ಬಿಯ ರೂಪಶ್ರೀ ಮೇಡಂ ಫೋನ್ ಮಾಡಿ, ಮರದ ನೆಲವನ್ನು ಬೆಳ್ಳಗೆ ಮಾಡಿಕೊಡಬೇಕು ಎಂದು ಕೇಳಿದರು.

ರೂಪಶ್ರೀ ಭರತನಾಟ್ಯ ಕಲಿಸುವವರು. ಗುಬ್ಬಿಯಲ್ಲಿ ಗಂಡನ ಮನೆಯವರದು ಹಳೇ ಕಾಲದ ಮನೆ, ಕೆಳಗೆ ಒಂದು ಕಾಲಕ್ಕೆ ಕೊಬ್ಬರಿ ಮಂಡಿ ನಡೆಯುತ್ತಿತ್ತು. ಮೇಲೆ ಇಪ್ಪತ್ತೆರಡು ಅಡಿ ಉದ್ದದ ಮಹಡಿ, ಅದಕ್ಕೆ ಹಲಸಿನ ಹಲಗೆಯ ನೆಲ. ಆ ಹಲಗೆಗೆ ಗುಂಡಯ್ಯನಂಥವನೇ ಯಾರೋ ಎಂದೋ ಕಪ್ಪು ಬಳಿದಿದ್ದ. ಮೇಲೆ ಕಾಲಿಟ್ಟರೆ ಮಕ್ಕಳು ಕತ್ತಲೆಗೆ ಹೆದರುತ್ತವೆ, ಬಸವ ಜಯಂತಿಯ ದಿನ ಕ್ಲಾಸು ಶುರು ಮಾಡಬೇಕು, ಹದಿನೆಂಟು ಮಕ್ಕಳು ಹೆಸರು ಕೊಟ್ಟಿದ್ದಾರೆ, ನೆಲ ಕೊಬ್ಬರಿ ಹೋಳಿನ ಹಾಗೆ ತಿಳಿಯಾಗಿ ಕಾಣಬೇಕು, ಒಂದು ಕಲೆಯೂ ಇರಬಾರದು ಎಂದರು. ಇಂಥ ಕೆಲಸ ಮೊದಲು ಮಾಡಿದ್ದೀರಾ ಎಂದೂ ಕೇಳಿದರು.

"ನಾಲ್ಕು ಮಾಡಿವ್ನಿ ಮೇಡಂ," ಎಂದ ಗುಂಡಯ್ಯ.

ಎಲ್ಲಿ ಎಂದು ಕೇಳಿದ್ದಕ್ಕೆ ಬೆಂಗಳೂರು ಕಡೆ ಎಂದ. ಬೆಂಗಳೂರು ದೊಡ್ಡ ಊರು, ಹೋಗಿ ಯಾರು ಹುಡುಕುತ್ತಾರೆ? ಸುಳ್ಳಿಗೆ ಕಾರಣವೂ ಇತ್ತು. ಎರಡು ವರ್ಷದಿಂದ ಬಾಗಿಲುಗಳೆಲ್ಲ ಫ್ಯಾಕ್ಟರಿಯಿಂದ ಬಣ್ಣ ಮೆತ್ತಿಸಿಕೊಂಡೇ ಬರುತ್ತಿದ್ದವು, ಗುಂಡಯ್ಯನನ್ನು ಕರೆಯುವವರೇ ಇರಲಿಲ್ಲ. ಈ ನೆಲ ಚೆನ್ನಾಗಿ ಬಂದರೆ ಹೊಸ ಕಾಲಕ್ಕೂ ಗುಂಡಯ್ಯ ಬೇಕು ಎಂದಾಗುತ್ತದೆ. ಕೆಟ್ಟರೆ, ಇವನಿಗೆ ಬಳಿಯುವುದು ಬಿಟ್ಟು ಬೇರೇನೂ ಬರದು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅವನಿಗೆ ಆಮೇಲಿನ ಜೀವನವೆಲ್ಲ ಆ ಇಪ್ಪತ್ತೆರಡು ಅಡಿಯ ಮೇಲೆ ನಿಂತ ಹಾಗಿತ್ತು.

ಫೋನ್ ಇಟ್ಟ ಗಳಿಗೆಯಿಂದಲೇ ಗುಂಡಯ್ಯ ವಿದ್ಯಾರ್ಥಿಯಾದ. ಮೊಬೈಲಿನಲ್ಲಿ ದೇಶವಿದೇಶದವರು ನೆಲ ಉಜ್ಜುವುದನ್ನು ಊಟ ಬಿಟ್ಟು ನೋಡಿದ. ತುಮಕೂರಿನ ಪೇಂಟ್ ಅಂಗಡಿಯ ಶಿವರಾಮಯ್ಯ ಎರಡು ಡಬ್ಬಿ ಕೊಟ್ಟು ಪಾಠ ಹೇಳಿದ. ಮೊದಲನೆಯದು ಕಾಸ್ಟಿಕ್ ಸೋಡಾ ನೀರು, ಮರದ ಬಾಯಿ ಬಿಡಿಸುತ್ತೆ, ಆಗ ಮರ ಸ್ವಲ್ಪ ಕಪ್ಪಾಗುತ್ತೆ, ಗಾಬರಿಯಾಗಬೇಡ. ಹದಿನೈದು ನಿಮಿಷದೊಳಗೆ, ಒದ್ದೆ ಇರುವಾಗಲೇ, ಎರಡನೆಯದು, ಪೆರಾಕ್ಸೈಡು, ಅದು ಬಿಳಿ ಮಾಡುತ್ತೆ. ಮಾರನೇ ದಿನ ವಿನೆಗರ್ ನೀರಿನಿಂದ ಒರೆಸು. ಕಬ್ಬಿಣದ ಬಕೆಟ್ ಮುಟ್ಟಬೇಡ, ಕಬ್ಬಿಣ ತಗುಲಿದ ಕಡೆ ಕರೀ ಚುಕ್ಕೆ ಏಳುತ್ತೆ. ಶುರು ಮಾಡಿದರೆ ಮಧ್ಯೆ ನಿಲ್ಲಿಸಬೇಡ, ನಿಲ್ಲಿಸಿದ ಕಡೆ ಗೆರೆ ಉಳಿಯುತ್ತೆ. ಬರಿಗೈಲಿ ಮುಟ್ಟಬೇಡ, ಚರ್ಮ ಸುಟ್ಟುಹೋಗುತ್ತೆ. ಗುಂಡಯ್ಯ ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡ, ಒಂದನ್ನೂ ಮೀರಲಿಲ್ಲ. ಅಲ್ಲಿ ಬರೆಯದೆ ಉಳಿದ ಒಂದು ವಿಷಯದಲ್ಲಿ ಕೆಟ್ಟ.

ಗುಬ್ಬಿಯ ಮನೆಯಲ್ಲಿ ಯಜಮಾನಿಕೆ ರೂಪಶ್ರೀಯ ಅತ್ತೆ ತಿಪ್ಪಮ್ಮನವರದು. ಎಪ್ಪತ್ತನಾಲ್ಕು ವಯಸ್ಸು, ಹಣೆ ತುಂಬ ವಿಭೂತಿ, ಒಂದು ಕಣ್ಣಿಗೆ ಪೊರೆ. ಆಪರೇಷನ್‌ಗೆ ಹೋಗು ಎಂದರೆ ಒಂದು ಕಣ್ಣಿಗೆ ಕಾಣುವುದೇ ಸಾಕಾಗಿದೆ ಎನ್ನುವವರು. ಮೊದಲ ದಿನವೇ ಗುಂಡಯ್ಯನ ಕ್ಯಾನ್ವಾಸ್ ಶೂ ಕಡೆ ಬೊಟ್ಟು ಮಾಡಿ, ಅದು ಬೀದಿಬಾಗಿಲ ಆಚೆ ಇರಲಿ ಎಂದರು. ಯಾಕೆಂದರೆ ಆ ಮಹಡಿ ಅಂತಿಂಥದಲ್ಲ. ಅವರು ಹೊಸ ಸೊಸೆಯಾಗಿ ಬಂದ ವರ್ಷ ಮಠದ ಅಜ್ಜಯ್ಯನವರು ಒಂದು ಶ್ರಾವಣ ಪೂರ್ತಿ ಅಲ್ಲಿಯೇ ತಂಗಿದ್ದರು. ಗುಂಡಯ್ಯ ಸಾಕ್ಸನ್ನೂ ಬಿಚ್ಚಿ ಶೂ ಒಳಗೆ ತುರುಕಿ, ಎಡಗಾಲನ್ನು ಬಲಗಾಲಿನ ಹಿಂದೆ ಇಟ್ಟುಕೊಂಡು ನಿಂತ.

ಆ ಅಜ್ಜಯ್ಯನ ಕಥೆಯನ್ನು ತಿಪ್ಪಮ್ಮ ಕಾಫಿ ಕೊಟ್ಟಾಗಲೆಲ್ಲ ಹೇಳಿದರು. ತಿಂಗಳಿಡೀ ಅವರಿಗೆ ರೊಟ್ಟಿ ಬಡಿದವರು ಇವರು, ಮೆಟ್ಟಿಲು ಹತ್ತಿ ನೀರು ಹೊತ್ತವರು ಇವರು. ಕೊನೆಯ ದಿನ ಪಾದಪೂಜೆ. ಅದೇ ಬೆಳಿಗ್ಗೆ ಇವರು ಮುಟ್ಟಾದರು. ಶರಣರು ಇಂಥ ಮೈಲಿಗೆಯನ್ನೆಲ್ಲ ಒಪ್ಪಿರಲಿಲ್ಲ, ಆದರೆ ತಿಪ್ಪಮ್ಮನ ಅತ್ತೆ ಒಪ್ಪಿದ್ದರು. ಮನೆಮಂದಿಯೆಲ್ಲ ಪಾದ ಮುಟ್ಟಿ ಬಂದರು, ತಿಪ್ಪಮ್ಮನಿಗೆ ಮಾತ್ರ ಮುಟ್ಟಬೇಡ ಎಂದರು. ಇವರು ಹಿತ್ತಿಲಲ್ಲಿ ಕೂತು ಶಂಖದ ಸದ್ದು ಕೇಳಿಸಿಕೊಂಡರು. ಮುಂದಿನ ವರ್ಷ ಅಜ್ಜಯ್ಯ ಬರಲಿಲ್ಲ, ಲಿಂಗೈಕ್ಯರಾದರು. ಐವತ್ತು ವರ್ಷದ ಹಿಂದಿನದನ್ನು ತಿಪ್ಪಮ್ಮ ಮೊನ್ನೆ ನಡೆದ ಹಾಗೆ ಹೇಳುತ್ತಿದ್ದರು, ಗುಂಡಯ್ಯ ಮೆಷಿನ್ ಆಫ್ ಮಾಡಿ ಕೇಳುತ್ತಿದ್ದ.

ನಾಲ್ಕು ದಿನ ಮೆಷಿನ್ ಹಿಡಿದು ಉಜ್ಜಿದ. ಕಪ್ಪೆಲ್ಲ ಹಾರಿ ಹಲಸಿನ ಹಲಗೆ ಒಳಗಿನ ಹಳದಿ ಬಣ್ಣ ತೋರಿಸಿತು. ಮರ ಇಷ್ಟು ಚೆನ್ನಾಗಿರುತ್ತದೆ ಎಂದು ಗುಂಡಯ್ಯ ಮೂವತ್ತೆರಡು ವರ್ಷ ನೋಡೇ ಇರಲಿಲ್ಲ. ಆದರೆ ಬರಿಗಾಲಲ್ಲಿ ಆ ದೂಳಿನಲ್ಲಿ ಓಡಾಡಿ ಹಿಮ್ಮಡಿ ಬಿರಿದು ರಕ್ತ ಬಂತು. ಕುಣಿಗಲ್ಲಿಗೆ ಕುಂಟುತ್ತಾ ಬಂದ ಗಂಡನ ಕಾಲನ್ನು ವನಜಮ್ಮ ದೀಪದ ಹತ್ತಿರ ಎಳೆದು ನೋಡಿದಳು. ಬೆಳಿಗ್ಗೆ ಸ್ನಾನವಾದ ಮೇಲೆ ಕೂರಿಸಿ, ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ, ಅಂಗಾಲಿಂದ ಬೆರಳ ಸಂದಿಯವರೆಗೆ ಮೆತ್ತಿ, ಅದರ ಮೇಲೆ ಸಾಕ್ಸ್ ಏರಿಸಿ ಬಸ್ಸಿಗೆ ಕಳಿಸಿದಳು. ನಮ್ಮ ಕಡೆ ಬೆರಳು ಕುಯ್ದರೂ ಅರಿಶಿನ, ಗಂಟಲು ಕೆರೆದರೂ ಅರಿಶಿನ, ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಐದನೆಯ ದಿನ ಗುಂಡಯ್ಯ ಗುಬ್ಬಿಗೆ ಬಂದ. ಶೂ, ಸಾಕ್ಸ್ ಬೀದಿಬಾಗಿಲಲ್ಲಿ ಬಿಟ್ಟ. ಹಿಂದಿನ ಸಂಜೆಯೇ ಗುಡಿಸಿ ಒರೆಸಿಟ್ಟ ನೆಲದ ಮೇಲೆ, ಎರಡು ಪ್ಲಾಸ್ಟಿಕ್ ಬಕೆಟ್ ಹಿಡಿದು, ಮೆಟ್ಟಿಲಿಂದ ನೇರವಾಗಿ ಕೊನೆಯ ಕಿಟಕಿಯವರೆಗೆ ನಡೆದು ಕಿಟಕಿ ತೆಗೆದ. ಹಳದಿ ನೆಲದ ಮೇಲೆ ಹಳದಿ ಹೆಜ್ಜೆ, ಯಾರಿಗೆ ಕಾಣಬೇಕು? ಕಿಟಕಿಯ ಹತ್ತಿರ ಕೈಗೆ ಗ್ಲೌಸ್ ಹಾಕಿ, ಕಾಲಿಗೆ ಕ್ಯಾರಿಬ್ಯಾಗ್ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದು, ಸೋಡಾ ನೀರು ಹಚ್ಚುತ್ತಾ ಹಿಂದಕ್ಕೆ ಹಿಂದಕ್ಕೆ ಬಂದ. ಬ್ರಷ್ ಕೆಳಗೆ ಅಲ್ಲಲ್ಲಿ ಕೆಂಪು ಕಂಡಿತು. ಕಪ್ಪಾಗುತ್ತೆ ಅಂದಿದ್ದರಲ್ಲ, ಹಲಸು ಕೆಂಪಾಗುತ್ತೇನೋ ಅಂದುಕೊಂಡ. ಮಧ್ಯೆ ನಿಲ್ಲಿಸುವ ಹಾಗೂ ಇರಲಿಲ್ಲ. ಮೆಟ್ಟಿಲ ಹತ್ತಿರ ಬಂದು ಬೆನ್ನು ನೆಟ್ಟಗೆ ಮಾಡಿ ತಲೆ ಎತ್ತಿದ.

ಮೆಟ್ಟಿಲಿಂದ ಕಿಟಕಿಯವರೆಗೆ ಹನ್ನೊಂದು ಹೆಜ್ಜೆ, ರಕ್ತಗೆಂಪು, ಒಂದೊಂದು ಬೆರಳೂ ಎಣಿಸುವ ಹಾಗೆ ಮೂಡಿತ್ತು. ಗುಂಡಯ್ಯ ಎಣಿಸಿದ. ಬಲಗಾಲಿನ ಹೆಜ್ಜೆಗೆ ಐದು ಬೆರಳು, ಎಡಗಾಲಿನದಕ್ಕೆ ನಾಲ್ಕು. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದು ಮಕ್ಕಳಿಗೂ ಗೊತ್ತು, ಸುಣ್ಣದ ಕೆಲಸವನ್ನೇ ಸೋಡಾ ಮಾಡಿತ್ತು. ಹೊರದೇಶದ ವಿಡಿಯೋದವರು ಇದನ್ನು ಹೇಳಿರಲಿಲ್ಲ, ಅವರು ಮನೆಯೊಳಗೂ ಬೂಟು ಹಾಕಿಕೊಂಡೇ ಓಡಾಡುವ ಜನ.

ಅಷ್ಟರಲ್ಲಿ ತಿಪ್ಪಮ್ಮ ಕಾಫಿ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹಿಂದೆ ರೂಪಶ್ರೀ. ಗುಂಡಯ್ಯ ಅಡ್ಡ ನಿಂತ. ಇಪ್ಪತ್ತೆರಡು ಅಡಿಯನ್ನು ಒಬ್ಬ ಮನುಷ್ಯ ಎಷ್ಟು ಅಡ್ಡಗಟ್ಟಿಯಾನು. ತಿಪ್ಪಮ್ಮನ ಒಂದು ಕಣ್ಣು ಅವನ ಭುಜದ ಮೇಲಿಂದ ಹಾದು ನೆಲ ಮುಟ್ಟಿತು.

"ಅಜ್ಜಯ್ಯ ಬಂದವ್ರೆ," ಎಂದರು.

ರೂಪಶ್ರೀ ಬೆಪ್ಪಾಗಿ ನಿಂತರು. ತಿಪ್ಪಮ್ಮ ಸಾಕ್ಷಿ ಕೊಟ್ಟರು, ನೋಡು, ಗಂಡಸಿನ ಪಾದ, ದೊಡ್ಡ ಪಾದ. ನೋಡು, ಕಿಟಕಿಯ ಕಡೆಗೇ ಹೋಗಿವೆ, ಅವರು ಕೂತು ಓದುತ್ತಿದ್ದ ಜಾಗ ಅದೇ. ಬಂದ ಹೆಜ್ಜೆ ಇದೆ, ಹೋದ ಹೆಜ್ಜೆ ಇಲ್ಲ, ಇಲ್ಲೇ ಉಳಿದಿದ್ದಾರೆ. ಇನ್ನು ಈ ಮಹಡಿಯಲ್ಲಿ ಯಾರೂ ಕುಣಿಯಕೂಡದು, ಇದು ಪೂಜೆಯ ಜಾಗ, ಈ ಹೆಜ್ಜೆಗಳ ಮೇಲೆ ಒಂದು ಹನಿ ನೀರೂ ಬೀಳಬಾರದು ಎಂದರು. ರೂಪಶ್ರೀಯ ಮುಖ ಇಳಿದುಹೋಯಿತು. ಹದಿನೆಂಟು ಮಕ್ಕಳು, ಅಚ್ಚು ಹಾಕಿಸಿದ ಆಹ್ವಾನದ ಕಾರ್ಡು, ಎಲ್ಲವೂ ಆ ಹನ್ನೊಂದು ಹೆಜ್ಜೆಯಲ್ಲಿ ಮುಳುಗುತ್ತಿದ್ದವು. ರೂಪಶ್ರೀ ಗುಂಡಯ್ಯನ ಕಡೆ ತಿರುಗಿ, ಇದೇನು, ನೀವು ಮಾಡಿದ ನಾಲ್ಕು ಕಡೆಯೂ ಹೀಗಾಗಿತ್ತಾ ಎಂದು ಮೆಲ್ಲಗೆ ಕೇಳಿದರು.

"ನಂಗೇನ್ ಗೊತ್ತು ಮೇಡಂ," ಎಂದ ಗುಂಡಯ್ಯ. ಬಾಯಿಗೆ ಅಭ್ಯಾಸವಾಗಿದ್ದ ಮಾತು ತಾನಾಗಿಯೇ ಬಂತು.

ಸತ್ಯ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಇಷ್ಟು ವರ್ಷ ಕಲೆ ಮುಚ್ಚಲು ಕಪ್ಪು ಬೇಕಿತ್ತು, ಇಲ್ಲಿ ಕಲೆಗೇ ಕೈಮುಗಿಯುತ್ತಿದ್ದಾರೆ. ಕೆಲಸ ಕೆಟ್ಟಿತು ಎನ್ನುವವರಿಲ್ಲ, ನಾಲ್ಕರ ಸುಳ್ಳು ಕೇಳುವವರಿಲ್ಲ. ಸುಮ್ಮನೆ ಬಕೆಟ್ ಎತ್ತಿಕೊಂಡು ನಾಲ್ಕು ಗಂಟೆ ಬಸ್ಸು ಹಿಡಿದರೆ ಮುಗಿಯಿತು.

ತಿಪ್ಪಮ್ಮ ಲೋಟ ಕೆಳಗಿಟ್ಟರು. ಸೆರಗು ಹೊದ್ದರು. ಗೋಡೆ ಹಿಡಿದು, ನೋಯುವ ಮಂಡಿಯನ್ನು ಒಂದೊಂದಾಗಿ ಮಡಿಸಿ, ಮೊದಲ ಹೆಜ್ಜೆಯ ಮುಂದೆ ಮೆಟ್ಟಿಲ ಮೇಲೇ ಕೂತರು. ಹಣೆ ಮುಟ್ಟಿಸಲು ಬಾಗಿದರು.

"ಮುಟ್ಬೇಡಿ ಅಮ್ಮಾ," ಎಂದು ಗುಂಡಯ್ಯ ಕೂಗಿದ.

ತಿಪ್ಪಮ್ಮ ತಲೆ ಎತ್ತಿ ನೋಡಿದರು. ಐವತ್ತು ವರ್ಷದ ಹಿಂದೆ ಕೇಳಿದ್ದ ಮಾತನ್ನೇ ಅವರು ಮತ್ತೆ ಕೇಳಿದ್ದರು, ಅದೂ ಅದೇ ಅಜ್ಜಯ್ಯನ ಪಾದದ ವಿಷಯಕ್ಕೆ. ಸೋಡಾ ಇದೆ, ಹಣೆ ಸುಡುತ್ತೆ ಎಂದು ಗುಂಡಯ್ಯ ತೊದಲಿದ.

"ಸುಡ್ಲಿ ಬುಡು," ಎಂದರು ತಿಪ್ಪಮ್ಮ. "ಆಗ್ಲೂ ಮುಟ್ಬೇಡ ಅಂದ್ರು, ಈಗ್ಲೂ ಮುಟ್ಬೇಡ ಅಂತೀಯ. ನಾನಿನ್ನ್ಯಾವಾಗ್ಲಪ್ಪ ಮುಟ್ಟೋದು?"

ಮತ್ತೆ ಬಾಗಿದರು. ಗುಂಡಯ್ಯ ಇನ್ನು ತಡೆಯಲಾರದೆ ಗ್ಲೌಸ್ ಕಿತ್ತೆಸೆದು ಅವರ ಎರಡೂ ಭುಜ ಹಿಡಿದು ಮೇಲೆತ್ತಿದ. ಹಣೆ ಸುಡುವುದು ಒಂದು ಕಡೆಯಾದರೆ, ತನ್ನ ತಾಯಿಯ ವಯಸ್ಸಿನ ಹೆಂಗಸು ತನ್ನ ಬಿರಿದ ಹಿಮ್ಮಡಿಯ ಗುರುತಿಗೆ ಹಣೆ ಮುಟ್ಟಿಸುವುದನ್ನು ನಿಂತು ನೋಡುವಷ್ಟು ಗಟ್ಟಿ ಎದೆ ಅವನದಲ್ಲ. ರಬ್ಬರ್ ಬ್ಯಾಂಡ್ ಕಿತ್ತು ಎಡಗಾಲಿನ ಕ್ಯಾರಿಬ್ಯಾಗ್ ತೆಗೆದ. ಮೂವತ್ತೇಳು ವರ್ಷ ಮುಚ್ಚಿಟ್ಟಿದ್ದ ಕಾಲನ್ನು ಮೊದಲ ಹೆಜ್ಜೆಯ ಪಕ್ಕ, ಒಣ ಮೆಟ್ಟಿಲಿನ ಮೇಲೆ ಇಟ್ಟ.

"ಅಜ್ಜಯ್ಯಂದಲ್ಲ ಕಣಮ್ಮ, ನಂದು," ಎಂದ. "ಎಣಿಸಿ ನೋಡಿ, ನಾಕೇ ಬೆರ್ಳು. ನನ್ನ ಹೆಂಡ್ತಿ ಹಿಮ್ಮಡಿಗೆ ಅರಿಶ್ಣ ಹಚ್ಚಿದ್ಲು. ನಾನು ನಾಕು ಕಡೆ ಮಾಡಿವ್ನಿ ಅಂದಿದ್ದೂ ಸುಳ್ಳು. ಇದೇ ಮೊದ್ಲು."

ತಿಪ್ಪಮ್ಮ ಒಂದು ಕಣ್ಣಿನಿಂದ ಕಾಲು ನೋಡಿದರು, ಹೆಜ್ಜೆ ನೋಡಿದರು, ಮತ್ತೆ ಕಾಲು ನೋಡಿದರು. ಬೆರಳು ಮುಂದೆ ಮಾಡಿ ಎಣಿಸಿಯೂ ಎಣಿಸಿದರು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಇನ್ನೊಂದೈದು ನಿಮಿಷ ಬುಟ್ಟು ಹೇಳಿದ್ರೆ ಆಗ್ತಿರ್ಲಿಲ್ವೇನಪ್ಪ?" ಎಂದರು.

ಗುಂಡಯ್ಯನಿಗೆ ಅಳು ಬಂತು. ಅತ್ತೇಬಿಟ್ಟ. ರೂಪಶ್ರೀಗೆ ಬಯ್ಯಬೇಕೋ ಸಮಾಧಾನ ಮಾಡಬೇಕೋ ತಿಳಿಯಲಿಲ್ಲ, ತಣ್ಣಗಾಗಿದ್ದ ಕಾಫಿಯನ್ನು ತಾವೇ ಕುಡಿದರು.

ಮೊದಲು ಚೇತರಿಸಿಕೊಂಡವರು ತಿಪ್ಪಮ್ಮ. ಒಣಗೋಕೆ ಮುಂಚೆ ಇನ್ನೊಂದು ಡಬ್ಬಿ ಹಚ್ಚಬೇಕು ಅಂತಿದ್ದೆಯಲ್ಲ, ಅಳುವುದನ್ನು ಆಮೇಲೆ ಇಟ್ಟುಕೋ ಎಂದು ಗದರಿದರು. ಗುಂಡಯ್ಯ ಮೂಗು ಒರೆಸಿಕೊಂಡು, ಮತ್ತೆ ಗ್ಲೌಸ್ ಹಾಕಿ ಕ್ಯಾರಿಬ್ಯಾಗ್ ಕಟ್ಟಿಕೊಂಡು ಕಿಟಕಿಯ ಕಡೆ ಓಡಿದ. ಎರಡನೇ ಡಬ್ಬಿ ಬಿದ್ದಲ್ಲೆಲ್ಲ ನೊರೆ ಎದ್ದಿತು. ನೊರೆ ಇಳಿದ ಮೇಲೆ ನೆಲ ರೂಪಶ್ರೀ ಕೇಳಿದ್ದ ಕೊಬ್ಬರಿ ಹೋಳಿನ ಬಣ್ಣಕ್ಕೆ ತಿರುಗಿತ್ತು. ಮಾರನೇ ದಿನ ವಿನೆಗರ್ ನೀರಿನಿಂದ ಒರೆಸಿದ ಮೇಲೆ ಹೆಜ್ಜೆಗಳ ಕೆಂಪೂ ಹೋಯಿತು. ಹನ್ನೊಂದು ಹೆಜ್ಜೆ ಮಾತ್ರ ಹಳದಿಯಾಗಿ ಉಳಿದವು. ಶಿವರಾಮಯ್ಯನಿಗೆ ಫೋನ್ ಮಾಡಿದರೆ ಅವನು, ಅರಿಶಿನಕ್ಕೆ ನಮ್ಮ ಕಂಪನಿಯಲ್ಲಿ ಏನೂ ಬರಲ್ಲ, ಮೇಲೆ ಒಂದು ಕೈ ವಾಲ್‌ನಟ್ ಹೊಡಿ ಎಂದ. ಆ ಮಾತು ಕೇಳಿ ಗುಂಡಯ್ಯ ಫೋನ್ ಇಟ್ಟುಬಿಟ್ಟ.

ಪರಿಹಾರ ಅಡುಗೆಮನೆಯಿಂದ ಬಂತು. ಬಿಳೀ ಪಂಚೆ ಮೇಲೆ ಹುಳಿ ಚೆಲ್ಲಿಕೊಂಡರೆ ಏನು ಮಾಡ್ತಾಳೆ ನಿನ್ನ ಹೆಂಡತಿ ಎಂದು ತಿಪ್ಪಮ್ಮ ಕೇಳಿದರು. ಸೋಪು ಹಾಕಿದರೆ ಕೆಂಪಾಗುತ್ತೆ, ಆಮೇಲೆ ಬಿಸಿಲಿಗೆ ಹಾಕ್ತಾಳೆ ಎಂದ ಗುಂಡಯ್ಯ. ಮತ್ತೆ ನನ್ನ ಮುಖ ಏನು ನೋಡ್ತೀಯ, ಹೆಂಚು ತೆಗಿ ಎಂದರು. ನೆಲವನ್ನು ಬಿಸಿಲಿಗೆ ಒಯ್ಯಲಾಗದು, ಬಿಸಿಲನ್ನು ನೆಲಕ್ಕೆ ತರಬಹುದು. ಗುಂಡಯ್ಯ ಸೂರಿನ ಮೇಲೆ ಹತ್ತಿ ಹೆಜ್ಜೆಗಳ ಸಾಲಿಗೆ ಸರಿಯಾಗಿ ಹೆಂಚು ಇಳಿಸಿದ. ಬೇಸಿಗೆಯ ಬಿಸಿಲು ಮೂರು ದಿನ ಒಂದೇ ಸಮ ಹೊಡೆಯಿತು. ತಿಪ್ಪಮ್ಮ ಹಪ್ಪಳ ಕಾಯುವ ಹಾಗೆ ಮೆಟ್ಟಿಲಲ್ಲಿ ಕೂತು ಕಾಗೆ ಓಡಿಸಿದರು. ಹಳದಿ ದಿನದಿನಕ್ಕೆ ತೆಳುವಾಗಿ, ಮೂರನೆಯ ಸಂಜೆಗೆ ಹತ್ತು ಹೆಜ್ಜೆ ಎಲ್ಲಿದ್ದವೆಂದು ಗುಂಡಯ್ಯನಿಗೇ ಗೊತ್ತಾಗಲಿಲ್ಲ.

ಒಂದು ಉಳಿಯಿತು. ಮೆಟ್ಟಿಲ ಬಾಯಲ್ಲಿ, ಗೋಡೆಯ ನೆರಳು ಬೀಳುವ ಕಡೆ, ಎಡಗಾಲಿನದು, ನಾಲ್ಕು ಬೆರಳು. ಗುಂಡಯ್ಯನ ಕೈ ತಾನಾಗಿಯೇ ಚೀಲದೊಳಗಿನ ಕಪ್ಪು ಡಬ್ಬಿಯ ಕಡೆ ಹೋಯಿತು. ತಿಪ್ಪಮ್ಮ ನೋಡಿಬಿಟ್ಟರು.

"ಮುಚ್ಚಿದ್ರೆ ನೋಡು," ಎಂದರು ಅಷ್ಟೇ.

ಡಬ್ಬಿ ಚೀಲದಲ್ಲೇ ಉಳಿಯಿತು. ಒಂದು ಕಲೆಯೂ ಇರಬಾರದು ಎಂದಿದ್ದ ರೂಪಶ್ರೀ ಬಗ್ಗಿ ಹೆಜ್ಜೆಯನ್ನು ನೋಡಿದರು. ಆಮೇಲೆ ಇದು ಇದ್ದರೆ ಇರಲಿ ಬಿಡಿ ಎಂದರು. ಬಣ್ಣವಿಲ್ಲದ ವಾರ್ನಿಷ್ ಎರಡು ಕೈ ಬಿತ್ತು, ಹೆಜ್ಜೆಯ ಮೇಲೂ.

ಬಸವ ಜಯಂತಿಯ ದಿನ ಗುಂಡಯ್ಯ ವನಜಮ್ಮನನ್ನು ಕರೆದುಕೊಂಡು ಗುಬ್ಬಿಗೆ ಹೋದ. ಬೀದಿಬಾಗಿಲಲ್ಲಿ ಶೂ ಬಿಚ್ಚಿದ, ಎಡಗಾಲನ್ನು ಯಾವ ಕಾಲಿನ ಹಿಂದೆಯೂ ಇಡಲಿಲ್ಲ. ಹದಿನೆಂಟು ಮಕ್ಕಳು ಗೆಜ್ಜೆ ಕಟ್ಟಿಕೊಂಡು ಮೆಟ್ಟಿಲು ಹತ್ತುವಾಗ ಎಲ್ಲರಿಗಿಂತ ಚಿಕ್ಕವಳು ಆ ಹೆಜ್ಜೆಯ ಹತ್ತಿರ ನಿಂತು, ಇದು ಯಾರದು ಎಂದು ಕೇಳಿದಳು. ಈ ನೆಲ ಉಜ್ಜಿದವನದು ಎಂದರು ತಿಪ್ಪಮ್ಮ. ಹುಡುಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಓಡಿದಳು, ನಾಟ್ಯದವರು ನೆಲಕ್ಕೆ ನಮಸ್ಕಾರ ಮಾಡುವುದು ಪದ್ಧತಿ, ಅದಕ್ಕೆ ಯಾರೂ ಬೇಡ ಎನ್ನುವ ಹಾಗಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ವನಜಮ್ಮ, ಮೆತ್ತಿದ್ದು ನಾನು ಎಂದು ಪಕ್ಕದವರಿಗೆಲ್ಲ ಹೇಳಿದಳು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಗಂಡನ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿದ್ದಳು. ಬರೀ ಎಣ್ಣೆ, ಅರಿಶಿನ ಬೇಡ ಎಂದು ಅವನೇ ಹೇಳಿದ್ದ. ಫೋನ್ ಬಂತು. ತುಮಕೂರಿನ ಯಾರೋ, ಮನೆಯಲ್ಲಿ ಹಳೇ ಹಲಗೆ ನೆಲವಿದೆ, ಬೆಳ್ಳಗೆ ಮಾಡಿಸಬೇಕು, ಇಂಥ ಕೆಲಸ ಎಷ್ಟು ಮಾಡಿದ್ದೀರಿ ಎಂದು ಕೇಳಿದರು. ವನಜಮ್ಮ ಎಣ್ಣೆ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು.

"ಒಂದೇ ಸ್ವಾಮಿ," ಎಂದ ಗುಂಡಯ್ಯ. "ಅದ್ರಲ್ಲೂ ಒಂದು ಕಲೆ ಉಳ್ಕೊಂಡೈತೆ. ಗುಬ್ಬಿಗೋಗಿ ನೋಡ್ಕೊಂಬನ್ನಿ, ಆಮೇಲ್ ಮಾತಾಡಣ."